ಅನ್ನಪಾನನಿರೋಧ ಮತ್ತು ಶ್ರಾವಕನ ಮನೆಯ ನಾಯಿ

ಶ್ರಾವಕನ ಮನೆಯಲ್ಲಿ ನಾಯಿಯಿದ್ದರೆ ಅದಕ್ಕೆ ಏನನ್ನು ಉಣಿಸಬೇಕು? ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದು. ಆತ್ಮ, ಕರ್ಮ, ಮೋಕ್ಷಗಳ ವಿಚಾರ ಬರುವ ಪುಟಗಳಲ್ಲಿ ನಾಯಿಯ ತಟ್ಟೆಯ ಮಾತು ಏಕೆ ಎಂದು ಕೆಲವರು ಕೇಳಿಯಾರು. ಆದರೆ ಧರ್ಮವು ಶಾಸ್ತ್ರಸಭೆಯಲ್ಲಿ ಪರೀಕ್ಷೆಗೆ ಒಳಗಾಗುವುದಕ್ಕಿಂತ ಹೆಚ್ಚಾಗಿ ಹಿತ್ತಿಲ ಬಾಗಿಲಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಚಾಮರಾಜನಗರದ ಮಂಡಿಗಳ ಮುಂದೆ, ಗುಂಡ್ಲುಪೇಟೆಯ ಸುತ್ತಲಿನ ತೋಟದ ಮನೆಗಳಲ್ಲಿ, ಈಗ ನಗರದ ಮಹಡಿ ಮನೆಗಳಲ್ಲಿಯೂ ನಮ್ಮವರು ನಾಯಿಗಳನ್ನು ಸಾಕಿದ್ದಾರೆ. ಅವುಗಳ ಊಟದ ವಿಷಯ ಬಂದಾಗ ಮಾತ್ರ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಮುಜುಗರದ ಹಿಂದೆ ಒಂದು ನಿಜವಾದ ನೈತಿಕ ಸಮಸ್ಯೆಯಿದೆ. ಅದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಆಗಮದ ಆಧಾರವನ್ನು ನೋಡೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ದಿಗಂಬರ ಪಾಠದಲ್ಲಿ ಅದು ಇಪ್ಪತ್ತೈದನೆಯ ಸೂತ್ರ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬುವೇ ಆ ಐದು. ಇದಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನ ಬರೆದ ಪೂಜ್ಯಪಾದಾಚಾರ್ಯರು ನಮಗೆ ದೂರದವರಲ್ಲ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯೊಂದಿಗೆ ಅವರ ಹೆಸರನ್ನು ಪರಂಪರೆ ಇಂದಿಗೂ ಜೋಡಿಸಿ ಸ್ಮರಿಸುತ್ತದೆ. ಅವರ ವಿವರಣೆಯ ತಾತ್ಪರ್ಯ ಹೀಗಿದೆ: ಪ್ರಾಣಿಯು ಹೋಗಬಯಸುವ ಕಡೆಗೆ ಹೋಗದಂತೆ ತಡೆಯುವುದು ಬಂಧ. ಕೋಲು, ಚಾವಟಿ, ಬೆತ್ತಗಳಿಂದ ಹೊಡೆಯುವುದು ವಧ. ಇಲ್ಲಿ ವಧವೆಂದರೆ ಕೊಲೆಯಲ್ಲ, ಏಕೆಂದರೆ ಕೊಲೆಯನ್ನು ವ್ರತಿಯು ಮೊದಲೇ ಬಿಟ್ಟಿರುತ್ತಾನೆ. ಕಿವಿ, ಮೂಗು ಮುಂತಾದ ಅವಯವಗಳನ್ನು ಕತ್ತರಿಸುವುದು ಛೇದ. ನ್ಯಾಯವಾದ ಹೊರೆಗಿಂತ ಹೆಚ್ಚು ಹೊರಿಸುವುದು ಅತಿಭಾರಾರೋಪಣ. ದನಕರುಗಳೇ ಮೊದಲಾದವುಗಳಿಗೆ ಹಸಿವು ಬಾಯಾರಿಕೆಗಳ ಬಾಧೆಯನ್ನು ಉಂಟುಮಾಡುವುದು ಅನ್ನಪಾನನಿರೋಧ.

ಈ ಐದರಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಇವೆಲ್ಲವೂ ನಮ್ಮ ಅಧೀನದಲ್ಲಿರುವ ಪ್ರಾಣಿಗೆ ಸಂಬಂಧಿಸಿದವು. ಕಾಡಿನ ಜಿಂಕೆಗೆ ನಾವು ಹೊರೆ ಹೊರಿಸುವುದಿಲ್ಲ. ಬಂಡೀಪುರದ ಕೆನ್ನಾಯಿಗೆ ಅನ್ನ ನಿರೋಧಿಸುವ ಶಕ್ತಿ ನಮಗಿಲ್ಲ. ಯಾವ ಜೀವದ ಹಗ್ಗ ನಮ್ಮ ಕೈಯಲ್ಲಿದೆಯೋ ಆ ಜೀವದ ವಿಷಯದಲ್ಲಿ ಮಾತ್ರ ಈ ಅತಿಚಾರಗಳು ಸಂಭವಿಸುತ್ತವೆ. ಆದುದರಿಂದ ಇವು ಸಾಕುವವನ ಧರ್ಮಕ್ಕೆ ಸಂಬಂಧಿಸಿದ ಮಾತುಗಳು. ಕೊರಳಿಗೆ ಪಟ್ಟಿ ಹಾಕಿದ ಕ್ಷಣದಿಂದ ಆ ನಾಯಿಯ ಹಸಿವು ಅದರ ಕರ್ಮದ ಫಲ ಮಾತ್ರವಾಗಿ ಉಳಿಯುವುದಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿಯೂ ಅದು ಬರೆಯಲ್ಪಡುತ್ತದೆ.

ಆಶ್ಚರ್ಯದ ಸಂಗತಿಯೆಂದರೆ ಸ್ವತಂತ್ರ ಭಾರತದ ಶಾಸನವೂ ಇದೇ ದಾರಿಯಲ್ಲಿ ನಡೆದಿದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ಪ್ರಕರಣವನ್ನು ಓದಿದರೆ ಹೊಡೆಯುವುದು, ಅತಿಯಾಗಿ ಹೊರಿಸುವುದು, ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅನುಚಿತವಾಗಿ ಕಟ್ಟಿಡುವುದು, ಅಂಗಚ್ಛೇದ ಮಾಡುವುದು, ಸಾಕಷ್ಟು ಆಹಾರ, ನೀರು, ಆಸರೆಗಳನ್ನು ಒಡೆಯನು ಒದಗಿಸದಿರುವುದು ಎಂಬ ಐದೂ ಅದರಲ್ಲಿ ಸಿಗುತ್ತವೆ. ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಮಾಡಿಸದಿರುವುದನ್ನೂ ಆ ಪ್ರಕರಣವು ಹೆಸರಿಸಿ ಅಪರಾಧವೆಂದಿದೆ. ಆಚಾರ್ಯರು ಅತಿಚಾರವೆಂದದ್ದನ್ನು ಶಾಸನವು ಅಪರಾಧವೆಂದಿತು, ಅಷ್ಟೆ.

ಇನ್ನು ನಮ್ಮ ಮನೆಗಳ ವಾಡಿಕೆಗೆ ಬರೋಣ. ನಾಯಿ ಸಾಕಿದ ಶ್ರಾವಕರಲ್ಲಿ ಸಾಮಾನ್ಯವಾಗಿ ಮೂರು ಬಗೆಯ ನಡವಳಿಕೆ ಕಾಣಬರುತ್ತದೆ.

ಮೊದಲನೆಯದು, ಮಂಡಿಯ ಕಾವಲಿಗೆ ದೊಡ್ಡ ಜಾತಿಯ ನಾಯಿಯನ್ನು ತಂದು ಅದರ ಊಟವನ್ನು ಕಾವಲುಗಾರನಿಗೋ ವಾಹನ ಚಾಲಕನಿಗೋ ಒಪ್ಪಿಸಿಬಿಡುವುದು. “ಅವನು ಹೊರಗಡೆ ಏನು ಹಾಕುತ್ತಾನೋ ನಮಗೆ ಗೊತ್ತಿಲ್ಲ” ಎಂಬುದು ಯಜಮಾನರ ಉತ್ತರ. ಆದರೆ ತಿಂಗಳ ಕೊನೆಗೆ ಅವನ ಕೈಗೆ ಹೆಚ್ಚುವರಿ ಹಣ ಕೊಡುವಾಗ ಅದು ಯಾವ ಅಂಗಡಿಗೆ ಹೋಗುತ್ತದೆಂಬುದು ಯಜಮಾನರಿಗೆ ಗೊತ್ತಿಲ್ಲವೆ? ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದಲೂ ಕರ್ಮದ ಆಸ್ರವ ಆಗುತ್ತದೆಂದು ನಮ್ಮ ಮಕ್ಕಳಿಗೆ ಪಾಠಶಾಲೆಯಲ್ಲಿ ಹೇಳಿಕೊಡುತ್ತೇವೆ. ವ್ಯಾಪಾರದಲ್ಲಿ ಗುಮಾಸ್ತನು ನಮ್ಮ ಪರವಾಗಿ ಮಾಡಿದ ಒಪ್ಪಂದಕ್ಕೆ ನಾವೇ ಬಾಧ್ಯರು. ಧರ್ಮದಲ್ಲಿ ಮಾತ್ರ ಅದು ಹೇಗೆ ಬೇರೆಯಾದೀತು?

ಎರಡನೆಯದು, ಅಂಗಡಿಯಲ್ಲಿ ಸಿಗುವ ಒಣ ಆಹಾರದ ಚೀಲವನ್ನು ತರುವುದು. ಬಿಸ್ಕತ್ತಿನಂತೆ ಕಾಣುವ ಆ ಕಾಳುಗಳಲ್ಲಿ ಮಾಂಸದ ಆಕಾರವೂ ಇಲ್ಲ, ರಕ್ತದ ಬಣ್ಣವೂ ಇಲ್ಲ. ಆದ್ದರಿಂದ ಮನಸ್ಸಿಗೆ ಅಳುಕಿಲ್ಲ. ಚೀಲದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಬಹುಪಾಲು ಚೀಲಗಳಲ್ಲಿ ಕೋಳಿಯ ಅಥವಾ ಮೀನಿನ ಪುಡಿ ಇದೆಯೆಂಬುದು ತಿಳಿಯುತ್ತದೆ. ಮಾಂಸರಹಿತವೆಂದು ನಮೂದಿಸಿದ ಚೀಲಗಳೂ ಈಗ ದೊರೆಯುತ್ತವೆ. ಅವುಗಳಲ್ಲಿ ಪೂರ್ಣಾಹಾರವೆಂದು ಬರೆದುದನ್ನು ಬರಿಯ ತಿಂಡಿಯೆಂದು ಬರೆದುದರಿಂದ ಬೇರ್ಪಡಿಸಿ ನೋಡುವ ಕಣ್ಣು ಬೇಕು. ಹತ್ತು ರೂಪಾಯಿಯ ಬಿಸ್ಕತ್ತಿನಲ್ಲಿ ಅಭಕ್ಷ್ಯವಿದೆಯೇ ಎಂದು ಹಸಿರು ಚುಕ್ಕೆ ಹುಡುಕುವ ನಾವು, ಹತ್ತು ಕಿಲೋ ಚೀಲವನ್ನು ಓದದೆ ತರುವುದು ವಿಚಿತ್ರವಲ್ಲವೆ?

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಪ್ರಚಲಿತವಾದುದು ಮತ್ತು ಎಲ್ಲಕ್ಕಿಂತ ನಿರ್ದೋಷವೆಂದು ಭಾವಿಸಲ್ಪಟ್ಟುದು. ಮನೆಯಲ್ಲಿ ಉಳಿದ ಅನ್ನಕ್ಕೆ ಮಜ್ಜಿಗೆ ಸುರಿದು, ಇಲ್ಲವೆ ರಾಗಿಮುದ್ದೆಯ ಚೂರನ್ನು ಸಾರಿನಲ್ಲಿ ಅದ್ದಿ ಹಾಕುವುದು. ಇಲ್ಲಿ ಮಾಂಸವಿಲ್ಲ, ಖರ್ಚಿಲ್ಲ, ಅಪವ್ಯಯವಿಲ್ಲ. ಮೇಲಾಗಿ ದಯೆ ಮಾಡಿದ ತೃಪ್ತಿಯಿದೆ. ಆದರೆ ನನ್ನ ಅಭಿಪ್ರಾಯದಲ್ಲಿ ಅನ್ನಪಾನನಿರೋಧವೆಂಬ ಅತಿಚಾರವು ಅತಿ ಮೆಲ್ಲಗೆ ಒಳಬರುವುದು ಈ ಬಾಗಿಲಿನಿಂದಲೇ.

ಎರಡು ಕಾರಣಗಳಿವೆ. ಒಂದು, ತಂಗಳು. ಬೇಯಿಸಿದ ಅನ್ನಕ್ಕೆ ಕಾಲಮರ್ಯಾದೆಯಿದೆ, ಆ ಮರ್ಯಾದೆ ಕಳೆದರೆ ಅದರಲ್ಲಿ ಸೂಕ್ಷ್ಮಜೀವಿಗಳು ಹುಟ್ಟುತ್ತವೆ, ಆದುದರಿಂದ ಅದು ಅಭಕ್ಷ್ಯ ಎಂದು ನಮ್ಮ ಅಡುಗೆಮನೆಯ ನಿಯಮ. ನಮಗೆ ಅಭಕ್ಷ್ಯವಾದುದು ಹೊಸ್ತಿಲು ದಾಟಿದ ಮಾತ್ರಕ್ಕೆ ಭಕ್ಷ್ಯವಾಗುವುದೆ? ಹಳಸಿದ ಅನ್ನದಿಂದ ನಾಯಿಗೂ ವಾಂತಿ ಭೇದಿಗಳಾಗುತ್ತವೆ. ತಂಗಳನ್ನು ತಾನು ಉಣ್ಣದೆ ನಾಯಿಗೆ ಹಾಕುವವನು ದಾನ ಮಾಡಿದಂತಾಗುವುದಿಲ್ಲ, ಕಸ ತೆಗೆದಂತಾಗುತ್ತದೆ. ನಾಯಿಯ ಊಟವು ಆಯಾ ದಿನ ಬೇಯಿಸಿದ್ದಾಗಿರಬೇಕು. ಸೂರ್ಯಾಸ್ತಕ್ಕೆ ಮೊದಲು ಉಣ್ಣುವ ಮನೆಗೆ ಇದು ಕಷ್ಟವೂ ಅಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಮನೆಯವರ ಊಟದ ಹೊತ್ತಿಗೆ ಒಮ್ಮೆ, ನಾವು ಕುಡಿಯುವ ಸೋಸಿದ ನೀರಿನೊಂದಿಗೆ ಕೊಟ್ಟರೆ ಬೆಳೆದ ನಾಯಿಗೆ ಸಾಕು.

ಎರಡನೆಯ ಕಾರಣ ಇನ್ನೂ ಗಂಭೀರವಾದುದು. ತುಂಬಿದ ತಟ್ಟೆಯ ಮುಂದೆಯೂ ಪ್ರಾಣಿ ಉಪವಾಸವಿರಬಹುದು. ವಾಣಿಜ್ಯ ಓದಿದವನಾದ್ದರಿಂದ ಇದನ್ನು ಲೆಕ್ಕದಲ್ಲಿಯೇ ಹೇಳುತ್ತೇನೆ. ಅಮೆರಿಕದಲ್ಲಿ ಪ್ರಾಣಿಗಳ ಆಹಾರಕ್ಕೆ ಮಟ್ಟವನ್ನು ನಿಗದಿಪಡಿಸುವ ಆಫ್ಕೋ ಸಂಸ್ಥೆಯ ಪ್ರಕಾರ, ನೀರಿನ ಅಂಶ ಕಳೆದ ಆಹಾರದಲ್ಲಿ ಬೆಳೆದ ನಾಯಿಗೆ ಕನಿಷ್ಠ ಶೇಕಡ 18ರಷ್ಟು, ಮರಿಗಳಿಗೆ ಶೇಕಡ 22.5ರಷ್ಟು ಪ್ರೋಟೀನು ಇರಬೇಕು. ಅಕ್ಕಿಯಲ್ಲಿರುವುದು ಶೇಕಡ 8ರ ಸುಮಾರು, ರಾಗಿಯಲ್ಲಿ 7ರ ಸುಮಾರು. ತೊಗರಿಬೇಳೆ ಮತ್ತು ಹುರುಳಿಯಲ್ಲಿ ಸುಮಾರು 22. ಹದಿನೈದು ಕಿಲೋ ತೂಕದ, ಸಾಧಾರಣವಾಗಿ ಓಡಾಡುವ ನಾಡನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಶಕ್ತಿ ಬೇಕು. ಅದರೊಂದಿಗೆ ಆ ಮಟ್ಟದ ಪ್ರಕಾರ ಸುಮಾರು 38 ಗ್ರಾಂ ಪ್ರೋಟೀನು, ಒಂದು ಗ್ರಾಮಿಗಿಂತ ತುಸು ಹೆಚ್ಚು ಕ್ಯಾಲ್ಸಿಯಂ ಬೇಕು. ಇನ್ನೂರು ಗ್ರಾಂ ಅಕ್ಕಿಯ ಅನ್ನವನ್ನೂ ಕಾಲು ಕಿಲೋ ಮೊಸರನ್ನೂ ಕಲಸಿ ಹಾಕಿದರೆ ಶಕ್ತಿಯ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಪ್ರೋಟೀನು 24 ಗ್ರಾಮಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ; ಕ್ಯಾಲ್ಸಿಯಂ ಬೇಕಾದುದರ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಹೊಟ್ಟೆ ತುಂಬಿತು, ದೇಹ ತುಂಬಲಿಲ್ಲ. ನಾಯಿ ಬಾಲವಾಡಿಸಿ ಮಲಗುತ್ತದೆ. ನಾವು ಅದು ತೃಪ್ತವಾಯಿತೆಂದು ತಿಳಿಯುತ್ತೇವೆ. ಕೆಲವು ತಿಂಗಳ ಮೇಲೆ ರೋಮ ಉದುರಿ, ಸ್ನಾಯು ಸೊರಗಿದಾಗ “ವಯಸ್ಸಾಯಿತು” ಎನ್ನುತ್ತೇವೆ. ಮರಿಯಾಗಿದ್ದರೆ ಕಾಲುಗಳ ಮೂಳೆ ಬಾಗುತ್ತದೆ. ಪೂಜ್ಯಪಾದರು ಹೇಳಿದ ಬಾಧೆಯು ಇದಲ್ಲದೆ ಮತ್ತೇನು?

ಹಾಗಾದರೆ ಮಾಂಸವನ್ನೇ ಹಾಕಬೇಕೆ? ಮಾಂಸವಿಲ್ಲದೆ ನಾಯಿ ಬದುಕಲಾರದೆ? ಇಲ್ಲಿ ಭಾವಾವೇಶಕ್ಕಿಂತ ಅರಿವು ಮುಖ್ಯ. ಬೆಕ್ಕು ಪ್ರಕೃತಿಯಿಂದಲೇ ಮಾಂಸವನ್ನು ಅವಲಂಬಿಸಿದ ಪ್ರಾಣಿ. ಟಾರಿನ್ ಎಂಬ ಸತ್ತ್ವವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ತರಕಾರಿಯ ಬಣ್ಣದಿಂದ ಎ ಜೀವಸತ್ತ್ವವನ್ನು ಮಾಡಿಕೊಳ್ಳಲೂ ಆರದು. ನಾಯಿ ಹಾಗಲ್ಲ. ಈ ಎರಡು ಕೆಲಸಗಳನ್ನೂ ಅದರ ದೇಹ ಮಾಡಬಲ್ಲದು. 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸ್ವೀಡನ್ನಿನ ವಿಜ್ಞಾನಿಗಳ ಸಂಶೋಧನೆಯು, ಪಿಷ್ಟವನ್ನು ಜೀರ್ಣಿಸುವ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುವುದನ್ನು ತೋರಿಸಿತು. ಸಾವಿರಾರು ವರ್ಷ ಮನುಷ್ಯನ ಒಲೆಯ ಬಳಿ ಕುಳಿತು ನಾಯಿಯು ಅವನ ಕಾಳನ್ನು ಅರಗಿಸಿಕೊಳ್ಳಲು ಕಲಿತಿದೆ. ಯಕೃತ್ತಿನ ಕೆಲವು ರೋಗಗಳಲ್ಲಿಯೂ ಮೂತ್ರದಲ್ಲಿ ಯೂರೇಟ್ ಹರಳು ಕಟ್ಟುವ ತೊಂದರೆಯಲ್ಲಿಯೂ ಪಶುವೈದ್ಯರೇ ಮಾಂಸವನ್ನು ನಿಲ್ಲಿಸಿ ಹಾಲಿನ ಅಥವಾ ಸೋಯಾದ ಪ್ರೋಟೀನು ಕೊಡಿಸುವುದುಂಟು. 2022ರಲ್ಲಿ ಪ್ರಕಟವಾದ, 2,536 ನಾಯಿಗಳ ಬಗ್ಗೆ ಸಾಕಿದವರನ್ನೇ ಕೇಳಿ ಮಾಡಿದ ಒಂದು ಸಮೀಕ್ಷೆಯಲ್ಲಿ ಸಸ್ಯಾಹಾರದ ನಾಯಿಗಳ ಆರೋಗ್ಯ ಇತರ ನಾಯಿಗಳಿಗಿಂತ ಕೀಳಾಗಿ ವರದಿಯಾಗಲಿಲ್ಲ. ಸಾಕಿದವರ ಮಾತು ವೈದ್ಯರ ಪರೀಕ್ಷೆಗೆ ಸಮವಲ್ಲವೆಂಬುದನ್ನೂ ನೆನಪಿಡಬೇಕು.

ಆದರೆ “ಸಾಧ್ಯ” ಎಂಬುದಕ್ಕೂ “ಸುಲಭ” ಎಂಬುದಕ್ಕೂ ಅಂತರವಿದೆ. 2013ರಲ್ಲಿಯೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು ಪುಸ್ತಕಗಳಲ್ಲಿಯೂ ಇತರೆಡೆಯೂ ಪ್ರಕಟವಾಗಿದ್ದ, ಮನೆಯಲ್ಲಿ ತಯಾರಿಸುವ 200 ಬಗೆಯ ನಾಯಿಯೂಟಗಳನ್ನು ಪರೀಕ್ಷಿಸಿದರು. ಶೇಕಡ 95ರಷ್ಟು ಊಟಗಳಲ್ಲಿ ಅವಶ್ಯವಾದ ಒಂದಾದರೂ ಪೋಷಕಾಂಶ ಕಡಿಮೆಯಿತ್ತು. ಮಾಂಸ ಸೇರಿದ್ದ ಊಟಗಳೂ ಇದಕ್ಕೆ ಹೊರತಾಗಿರಲಿಲ್ಲ. ಅಂದರೆ ಮಾಂಸ ಹಾಕಿದ ಮಾತ್ರಕ್ಕೆ ಊಟ ಪೂರ್ಣವಾಗುವುದಿಲ್ಲ, ಬಿಟ್ಟ ಮಾತ್ರಕ್ಕೆ ಕೆಡುವುದೂ ಇಲ್ಲ. ಕೆಡಿಸುವುದು ಅಳತೆಯಿಲ್ಲದ ದಯೆ.

ಇಲ್ಲಿಯೇ ಮುಖ್ಯ ನೈತಿಕ ಪ್ರಶ್ನೆ ಏಳುತ್ತದೆ. ಮಾಂಸ ಬಿಟ್ಟವರು ನಾವು, ನಾಯಿಯಲ್ಲ. ತಿರ್ಯಂಚರು ವ್ರತ ಧರಿಸಲಾರರೆಂದು ನಮ್ಮ ಶಾಸ್ತ್ರ ಹೇಳುವುದಿಲ್ಲ. ಸಂಜ್ಞಿ ಪಂಚೇಂದ್ರಿಯ ತಿರ್ಯಂಚರು ಐದನೆಯ ಗುಣಸ್ಥಾನದವರೆಗೆ ಏರಬಲ್ಲರು. ಮಹಾವೀರಸ್ವಾಮಿಯ ಜೀವವು ಹಿಂದೊಂದು ಭವದಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶ ಕೇಳಿ ಮಾಂಸವನ್ನು ತ್ಯಜಿಸಿದ ಕಥೆಯನ್ನು ಪುರಾಣದಲ್ಲಿ ಕೇಳಿದ್ದೇವೆ. ಆದರೆ ಆ ಸಿಂಹಕ್ಕೆ ಯಾರೂ ಸರಪಳಿ ಹಾಕಿರಲಿಲ್ಲ. ಅದು ತಾನಾಗಿ ತ್ಯಜಿಸಿತು. ತ್ಯಾಗವು ತ್ಯಜಿಸುವವನದೇ ಆಗಿರಬೇಕು; ಹೇರಿದ ತ್ಯಾಗವು ತ್ಯಾಗವಲ್ಲ. ನಮ್ಮ ಮನೆಯ ನಾಯಿ ಮಾಂಸವಿಲ್ಲದ ಊಟ ಉಣ್ಣುವುದರಿಂದ ಅದಕ್ಕೆ ಪುಣ್ಯ ಬಂದಿತೆಂದು ಹೆಮ್ಮೆಪಡಬೇಕಾದುದಿಲ್ಲ. ನಮ್ಮ ಕೈಯಿಂದ ಮತ್ತೊಂದು ಪಂಚೇಂದ್ರಿಯ ಜೀವದ ವಧೆಗೆ ಕಾರಣವಾಗಬಾರದೆಂಬುದು ನಮ್ಮ ವ್ರತ. ಆ ವ್ರತವನ್ನು ನಾವು ಪಾಲಿಸಲೇಬೇಕು. ಆದರೆ ನಮ್ಮ ವ್ರತದ ಬೆಲೆಯನ್ನು ನಾಯಿಯ ದೇಹದಿಂದ ವಸೂಲು ಮಾಡಬಾರದು. ಆ ಬೆಲೆಯನ್ನು ನಾವೇ ತೆರಬೇಕು. ಬೇಳೆ, ಪನೀರುಗಳ ಖರ್ಚಿನಿಂದ, ಒಲೆಯ ಮುಂದಿನ ಅರ್ಧ ಗಂಟೆಯಿಂದ, ಪಶುವೈದ್ಯರ ಬಳಿಗೆ ಹೋಗುವ ಶ್ರಮದಿಂದ, ತಿಂಗಳಿಗೊಮ್ಮೆ ತೂಕ ನೋಡುವ ತಾಳ್ಮೆಯಿಂದ.

ಹಾಗಾದರೆ ಊಟ ಹೇಗಿರಬೇಕು? ಮೇಲೆ ಹೇಳಿದ ಹದಿನೈದು ಕಿಲೋ ನಾಯಿಯ ಲೆಕ್ಕವನ್ನೇ ಮುಂದುವರಿಸೋಣ. ತೊಂಬತ್ತು ಗ್ರಾಂ ಅಕ್ಕಿ, ಎಪ್ಪತ್ತು ಗ್ರಾಂ ತೊಗರಿ ಅಥವಾ ಹೆಸರುಬೇಳೆ, ಐವತ್ತು ಗ್ರಾಂ ಪನೀರು, ನೂರೈವತ್ತು ಗ್ರಾಂ ಮೊಸರು, ಒಂದು ಸಣ್ಣ ಚಮಚ ಸೂರ್ಯಕಾಂತಿ ಎಣ್ಣೆ, ಒಂದು ಹಿಡಿ ಬೇಯಿಸಿದ ಸಿಹಿಗುಂಬಳ. ಇಷ್ಟರಿಂದ ಸುಮಾರು 850 ಕ್ಯಾಲೊರಿ ಶಕ್ತಿ, 38 ಗ್ರಾಮಿನ ಆಸುಪಾಸು ಪ್ರೋಟೀನು ದೊರೆಯುತ್ತದೆ. ಬೇಳೆ ಮೆತ್ತಗೆ ಬೆಂದು ಮಸೆದಿರಬೇಕು. ಬೇಳೆಯಲ್ಲಿ ಕಡಿಮೆಯಿರುವ ಮಿಥಿಯೋನಿನ್ ಎಂಬ ಅಂಶವನ್ನು ಅಕ್ಕಿಯೂ ಹಾಲಿನ ಪದಾರ್ಥವೂ ತುಂಬುತ್ತವೆ. ಆದುದರಿಂದ ಬರಿಯ ಬೇಳೆಯಾಗಲಿ ಬರಿಯ ಅನ್ನವಾಗಲಿ ಸಲ್ಲದು. ಗುಂಡ್ಲುಪೇಟೆಯ ಹೊಲಗಳಲ್ಲಿ ಬೆಳೆಯುವ ಸೂರ್ಯಕಾಂತಿಯ ಎಣ್ಣೆಯಲ್ಲಿರುವ ಲಿನೋಲಿಕ್ ಆಮ್ಲವು ನಾಯಿಯ ಚರ್ಮಕ್ಕೆ ಅವಶ್ಯಕ. ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಾಲು ಅರಗುವುದಿಲ್ಲ. ಮೊಸರು, ಪನೀರುಗಳು ಅರಗುತ್ತವೆ. ಹೊಸ ಊಟವನ್ನು ಒಮ್ಮೆಗೇ ಬದಲಾಯಿಸದೆ ಏಳೆಂಟು ದಿನಗಳಲ್ಲಿ ಹಂತಹಂತವಾಗಿ ಹಳೆಯದರೊಂದಿಗೆ ಸೇರಿಸಬೇಕು.

ಈ ಲೆಕ್ಕದಲ್ಲಿಯೂ ಕೊರತೆ ಉಳಿಯುತ್ತದೆಂಬುದನ್ನು ಮರೆಯಬಾರದು. ಕ್ಯಾಲ್ಸಿಯಂ ಬೇಕಾದುದರ ಅರ್ಧಕ್ಕಿಂತ ತುಸು ಕಡಿಮೆಯೇ ಆಗುತ್ತದೆ. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದುದರಿಂದ ಅಕ್ಕಿಯ ಒಂದು ಪಾಲಿಗೆ ಬದಲಾಗಿ ರಾಗಿಯನ್ನು ಬಳಸಬಹುದು. ಆದರೆ ಅದರಲ್ಲಿರುವ ಫೈಟೇಟ್ ಸ್ವಲ್ಪ ಭಾಗವನ್ನು ದೇಹಕ್ಕೆ ಸಿಗದಂತೆ ಹಿಡಿದಿಡುತ್ತದೆ. ಸತು, ಅಯೋಡಿನ್, ಡಿ ಜೀವಸತ್ತ್ವಗಳ ಕೊರತೆಯೂ ಇರುತ್ತದೆ. ನಾಯಿಯ ಚರ್ಮವು ಬಿಸಿಲಿನಿಂದ ಡಿ ಜೀವಸತ್ತ್ವವನ್ನು ನಮ್ಮಂತೆ ತಯಾರಿಸಲಾರದು. ಇವನ್ನು ಪೂರಕವಾಗಿಯೇ ಕೊಡಬೇಕು, ಪಶುವೈದ್ಯರು ಹೇಳಿದ ಅಳತೆಯಲ್ಲಿಯೇ ಕೊಡಬೇಕು. ಹೆಚ್ಚಾದರೂ ಅಪಾಯ. ಇನ್ನೊಂದು ಸೂಕ್ಷ್ಮ: ಪೇಟೆಯ ಕೆಲವು ಕ್ಯಾಲ್ಸಿಯಂ ಮಾತ್ರೆಗಳು ಸಮುದ್ರದ ಚಿಪ್ಪಿನಿಂದ ತಯಾರಾದವು. ಸುಣ್ಣದ ಕಲ್ಲಿನಿಂದ ತಯಾರಾದುದನ್ನು ಕೇಳಿ ಪಡೆಯಬೇಕು. ಮರಿಗಳು, ಬಸುರಿ ಮತ್ತು ಹಾಲೂಡುವ ನಾಯಿಗಳು, ರೋಗಿಗಳು – ಇವುಗಳ ವಿಷಯದಲ್ಲಿ ಮನೆಯ ಊಹೆ ಸರ್ವಥಾ ಸಲ್ಲದು.

ಕೊಡಬಾರದ ಪದಾರ್ಥಗಳಲ್ಲಿ ನಮ್ಮ ಅಡುಗೆಮನೆಗೆ ಒಂದು ಅನುಕೂಲವೂ ಒಂದು ಅಪಾಯವೂ ಇದೆ. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕಂದಮೂಲವನ್ನು ಬಿಟ್ಟ ಮನೆಯಲ್ಲಿ ನಾಯಿಗೆ ಈ ಭಯವಿಲ್ಲ. ಆದರೆ ಸಣ್ಣ ಈರುಳ್ಳಿ ಬೆಳೆಯುವ ನಮ್ಮ ತೋಟಗಳಲ್ಲಿ ಕಾವಲಿನ ನಾಯಿಗೆ ಆಳುಮಕ್ಕಳ ಮನೆಯ ಸಾರು ಬೀಳುವುದುಂಟು. ಅವರಿಗೆ ತಿಳಿಹೇಳುವುದು ಯಜಮಾನನ ಕೆಲಸ. ಅಪಾಯವೆಂದರೆ ದ್ರಾಕ್ಷಿ. ಹಸಿಯದಾಗಲಿ ಒಣಗಿದ್ದಾಗಲಿ, ದ್ರಾಕ್ಷಿಯು ನಾಯಿಯ ಮೂತ್ರಪಿಂಡಗಳಿಗೆ ವಿಷವಾಗಬಲ್ಲದು. ಇದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಪಶುವೈದ್ಯರು 2021ರಿಂದ ಹೇಳುತ್ತಿದ್ದಾರೆ. ಆ ಆಮ್ಲ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ಆದುದರಿಂದ ಹಬ್ಬದ ಪಾಯಸ, ದಿನದ ಹುಳಿ ಎರಡನ್ನೂ ನಾಯಿಯ ತಟ್ಟೆಯಿಂದ ದೂರವಿಡುವುದು ಲೇಸು. ಉಪ್ಪು, ಹುಳಿ, ಖಾರ, ಒಗ್ಗರಣೆಗಳು ಬೀಳುವ ಮುನ್ನವೇ ಬೆಂದ ಬೇಳೆಯಲ್ಲಿ ನಾಯಿಯ ಪಾಲನ್ನು ಎತ್ತಿಡುವುದು ಎಲ್ಲಕ್ಕಿಂತ ಸುಲಭವಾದ ಕ್ರಮ. ಉಳಿದುದನ್ನು ಹಾಕುವುದಕ್ಕೂ ಮೊದಲೇ ಎತ್ತಿಡುವುದಕ್ಕೂ ಇರುವ ಅಂತರವೇ ಉಪೇಕ್ಷೆಗೂ ದಯೆಗೂ ಇರುವ ಅಂತರ.

ಹೊಟ್ಟೆಗೆ ಸಾಲದ ನಾಯಿಯ ಹಿಂಸೆ ಮನೆಯಂಗಳದಲ್ಲಿ ನಿಲ್ಲುವುದಿಲ್ಲವೆಂಬುದನ್ನೂ ನಮ್ಮ ಜಿಲ್ಲೆಯವರು ಬಲ್ಲರು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಅರೆಹೊಟ್ಟೆಯ ನಾಯಿ ಕಾಡಿಗೆ ನುಗ್ಗಿ ಮೊಲವನ್ನೋ ಜಿಂಕೆಯ ಮರಿಯನ್ನೋ ಹಿಡಿಯುತ್ತದೆ. ಕೆಲವೊಮ್ಮೆ ತಾನೇ ಚಿರತೆಗೆ ಆಹಾರವಾಗುತ್ತದೆ. ಲಸಿಕೆ ಹಾಕಿಸದ ನಾಯಿಯಿಂದ ಡಿಸ್ಟೆಂಪರ್, ರೇಬೀಸ್‌ನಂಥ ರೋಗಗಳು ಕೆನ್ನಾಯಿಗಳಿಗೂ ತಗಲಬಲ್ಲವು. “ನಾವು ಮಾಂಸ ಹಾಕುವುದಿಲ್ಲ” ಎಂದು ಹೇಳಿ ಅರೆಹೊಟ್ಟೆಯಲ್ಲಿ ಬಿಟ್ಟ ನಾಯಿ ಇರುಳಿನಲ್ಲಿ ಮೊಲವನ್ನು ಕೊಂದರೆ ಆ ವಧೆಯಲ್ಲಿ ನಮ್ಮ ಪಾಲಿಲ್ಲವೆ? ತುಂಬಿದ ಊಟವು ಆ ನಾಯಿಗೆ ಮಾತ್ರವಲ್ಲ, ಕಾಡಿನ ಜೀವಗಳಿಗೂ ಅಭಯದಾನದ ಒಂದು ಭಾಗ.

ಇಷ್ಟೆಲ್ಲ ಹೇಳಿದ ಮೇಲೆ, ಶ್ರಾವಕನು ನಾಯಿ ಸಾಕುವುದೇ ಸರಿಯೆ ಎಂಬ ಮೂಲಪ್ರಶ್ನೆ ಉಳಿಯುತ್ತದೆ. ಸ್ವಾಮಿಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮುಂತಾದ ಹಿಂಸಕ ಪ್ರಾಣಿಗಳ ಸಾಕಣೆಯನ್ನು ಅನರ್ಥದಂಡದಲ್ಲಿ ಸೇರಿಸಿದೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಹಣಕ್ಕಾಗಿ ಗಿಳಿ, ಬೆಕ್ಕು, ನಾಯಿ, ಕೋಳಿಗಳನ್ನು ಸಾಕುವುದನ್ನು ನಿಷಿದ್ಧ ವೃತ್ತಿಗಳಲ್ಲಿ ಎಣಿಸಿದ್ದಾರೆ. ಈ ಮಾತುಗಳನ್ನು ನಾವು ಗೌರವಿಸಬೇಕು. ಅಂತಸ್ತಿಗಾಗಿ, ಮಕ್ಕಳ ಹಟಕ್ಕಾಗಿ, ಮಾರಾಟದವರಿಂದ ದುಬಾರಿ ತಳಿಯನ್ನು ಕೊಂಡು ತರುವುದು ಶ್ರಾವಕನಿಗೆ ಶೋಭಿಸದು. ಶೋಭೆಗಾಗಿ ಕಿವಿ ಬಾಲಗಳನ್ನು ಕತ್ತರಿಸಿದ ನಾಯಿಯನ್ನು ತರುವವನು ಛೇದದ ಅನುಮೋದಕನೂ ಆಗುತ್ತಾನೆ. ಬೆಕ್ಕಿನ ವಿಷಯದಲ್ಲಂತೂ ಅದರ ದೇಹಧರ್ಮಕ್ಕೂ ನಮ್ಮ ವ್ರತಕ್ಕೂ ಹೊಂದಾಣಿಕೆ ಬಹು ಕಷ್ಟ, ತರದಿರುವುದೇ ದಯೆ. ಆದರೆ ಈ ಶಾಸ್ತ್ರವಾಕ್ಯಗಳು ತರುವುದಕ್ಕೆ ಮುಂಚಿನ ವಿವೇಕವನ್ನು ಹೇಳುತ್ತವೆ. ತಂದು ಕಟ್ಟಿದ ಮೇಲೆ ಅವೇ ವಾಕ್ಯಗಳನ್ನು ಮುಂದೊಡ್ಡಿ “ಇದು ಹಿಂಸಕ ಪ್ರಾಣಿ, ಇದರ ಪೋಷಣೆ ದೋಷ” ಎಂದು ಊಟದಲ್ಲಿ ಕೈ ಬಿಗಿಹಿಡಿಯುವವನು ಒಂದು ದೋಷವನ್ನು ಮತ್ತೊಂದರಿಂದ ತೊಳೆಯಲು ಹೊರಟಂತೆ. ಸಾಲ ಪಡೆಯಬಾರದಿತ್ತೆಂಬುದು ಸಾಲ ತೀರಿಸದಿರಲು ನೆವವಾಗಲಾರದು.

ಮಂದಿರಗಳ ಟ್ರಸ್ಟುಗಳಿಗೂ ಇಲ್ಲಿ ಕೆಲಸವಿದೆ. ಚಾಮರಾಜನಗರದ ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ಕಟ್ಟಿಸಿದ್ದು 1117ರಲ್ಲಿ; ಇಂತಹ ಪ್ರಾಚೀನ ಬಸದಿಗಳ ಬಾಗಿಲಲ್ಲಿ ನಾಯಿಗಳು ಎಷ್ಟು ಶತಮಾನಗಳಿಂದ ಕಾದು ಕುಳಿತಿವೆಯೋ! ಅಭಿಷೇಕ, ಆರಾಧನೆಗಳ ದಿನ ಸಂತರ್ಪಣೆಯ ಎಲೆಗಳನ್ನು ಹೊರಗೆ ಸುರಿಯುವುದರಿಂದ ನಾಯಿಗಳು ಕಚ್ಚಾಡುತ್ತವೆ, ದಾರಿಹೋಕರಿಗೆ ಭಯ, ನಾಯಿಗಳಿಗೆ ರೋಗ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗಳಿಗೆ ಉಣಿಸುವ ಸ್ಥಳವನ್ನು ಮಕ್ಕಳು ಆಡುವ ಜಾಗ, ಜನರು ಓಡಾಡುವ ಬಾಗಿಲುಗಳಿಂದ ದೂರದಲ್ಲಿ ಗೊತ್ತುಪಡಿಸಬೇಕೆನ್ನುತ್ತವೆ. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವೂ ಬೀದಿಯಲ್ಲಿ ಕಂಡಕಂಡಲ್ಲಿ ಉಣಿಸುವುದನ್ನು ತಡೆದು, ಅದಕ್ಕಾಗಿ ನಿಗದಿಯಾದ ಸ್ಥಳಗಳಿರಬೇಕೆಂದು ಆದೇಶಿಸಿತು. ಟ್ರಸ್ಟುಗಳು ಸ್ಥಳೀಯ ಸಂಸ್ಥೆಯೊಡನೆ ಮಾತನಾಡಿ ಅಂತಹ ಸ್ಥಳವನ್ನು ಗುರುತಿಸಿಕೊಂಡು, ಒಗ್ಗರಣೆಗೆ ಮುನ್ನ ಎತ್ತಿಟ್ಟ ಅನ್ನ ಬೇಳೆಗಳನ್ನು ಗೊತ್ತಾದ ಹೊತ್ತಿನಲ್ಲಿ ಅಲ್ಲಿ ಉಣಿಸಿ, ಲಸಿಕೆಗೂ ನೆರವಾದರೆ ದಯೆಯೂ ಉಳಿಯುತ್ತದೆ, ನೆರೆಹೊರೆಯ ಸೌಹಾರ್ದವೂ ಉಳಿಯುತ್ತದೆ.

ನಾಯಿಯನ್ನು ಕುರಿತು ನಮ್ಮ ಪರಂಪರೆಯಲ್ಲಿ ತಿರಸ್ಕಾರದ ಮಾತಿಗಿಂತ ಎಚ್ಚರದ ಮಾತು ಹೆಚ್ಚು. ಧರ್ಮಬಲದಿಂದ ನಾಯಿಯೂ ದೇವನಾಗಬಹುದು, ಪಾಪದಿಂದ ದೇವನೂ ನಾಯಿಯಾಗಬಹುದೆಂಬ ಅರ್ಥದ ಮಾತನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಇದಕ್ಕೆ ನಿದರ್ಶನವಾದುದು ಜೀವಂಧರನ ಕಥೆ. ಆ ಕಥೆಯನ್ನು ಕನ್ನಡದಲ್ಲಿ 1424ರಲ್ಲಿ ಭಾಸ್ಕರನು ಹಾಡಿದ. ಅನಂತರ ಅದೇ ಶತಮಾನದಲ್ಲಿ ಜೀವಂಧರ ಸಾಂಗತ್ಯವನ್ನು ರಚಿಸಿದ ಬೊಮ್ಮರಸನು ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯವನು. ಹೋಮದ ಆಹಾರವನ್ನು ಮುಟ್ಟಿತೆಂಬ ಕಾರಣಕ್ಕೆ ಜನರು ಹೊಡೆದು ಕೆಡವಿದ ನಾಯಿಯೊಂದರ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಹೇಳಿದನೆಂದೂ, ಆ ಜೀವವು ಸುದರ್ಶನನೆಂಬ ಯಕ್ಷನಾಗಿ ಮುಂದೆ ಅವನಿಗೆ ನೆರವಾಯಿತೆಂದೂ ಕಥೆ.

ಈ ಕಥೆಯನ್ನು ನಾವು ಮಂತ್ರದ ಮಹಿಮೆಗಾಗಿ ಹೇಳುತ್ತೇವೆ, ಅದು ಸರಿಯೆ. ಆದರೆ ಆ ನಾಯಿ ಮಾಡಿದ ಅಪರಾಧವಾದರೂ ಏನು? ಆಹಾರಕ್ಕೆ ಬಾಯಿಹಾಕಿದ್ದು. ಜೀವಂಧರನು ಬರುವ ವೇಳೆಗೆ ಉಣಿಸುವ ಕಾಲ ಮೀರಿಹೋ­ಗಿತ್ತು, ಮಂತ್ರವೊಂದೇ ಉಳಿದಿತ್ತು. ನಮ್ಮ ಅಂಗಳದಲ್ಲಿ ಕಟ್ಟಿದ ನಾಯಿಯ ವಿಷಯದಲ್ಲಿ ಕಾಲ ಇನ್ನೂ ಮೀರಿಲ್ಲ. ಅದರ ಕಿವಿಯಲ್ಲಿ ಕಡೆಗಾಲದಲ್ಲಿ ಣಮೋಕಾರ ಹೇಳುವ ಶ್ರಾವಕರು ಅನೇಕರಿದ್ದಾರೆ. ಅದು ಬದುಕಿರುವಾಗ ದಿನವೂ ಬೇಳೆಯನ್ನು ಅಳೆದು, ಬಿಸಿ ಆರಿಸಿ, ತಟ್ಟೆ ತೊಳೆದು ಇಡುವವರೂ ಅಷ್ಟೇ ಮಂದಿ ಆಗಬೇಕು.